ಗುಂಡಿ ಇರೋದನ್ನೇ ಕೊಡಿ

ಅಪ್ಪನಿಗೆ ಈಗ ಕಣ್ಣು ಮಂಜು. ಮೊಬೈಲಿನಲ್ಲಿ ಹಾಡು ಹಾಕಲು ಹೋದರೆ ಇನ್ಯಾರಿಗೋ ಫೋನ್ ಹೋಗುತ್ತೆ. ಒಂದು ಹಾಡಿಗೂ ಮಕ್ಕಳನ್ನೇ ಕೂಗಬೇಕು. ಅದಕ್ಕೇ ಎಂಪಿ3 ಪ್ಲೇಯರ್ ಕೊಳ್ಳಲು ಹೋದೆ.

ಅಂಗಡಿಯವನು ಶುರು ಮಾಡಿದ್ದೇ 64 ಜಿಬಿಯಿಂದ! ನೀವೇ ಲೆಕ್ಕ ಹಾಕಿ ಸ್ವಾಮಿ. 128 ಕೆಬಿಪಿಎಸ್ ಹಾಡಿಗೆ ನಿಮಿಷಕ್ಕೆ ಹೆಚ್ಚುಕಮ್ಮಿ ಒಂದು ಎಂಬಿ. ಐದೈದು ನಿಮಿಷದ್ದಾದರೂ 8 ಜಿಬಿಯಲ್ಲೇ 1500 ಹಾಡು ಹಿಡಿಯುತ್ತೆ. 2001ರಲ್ಲಿ ಬಂದ ಮೊದಲ ಐಪಾಡಿನಲ್ಲಿ ಇದ್ದದ್ದೇ 5 ಜಿಬಿ.

ನಾನು ನೋಡಿದ್ದು ಬೇರೆ. ಕಣ್ಣು ಮುಚ್ಚಿ ತಡವಿದರೆ ಗುಂಡಿ ಬೆರಳಿಗೆ ಸಿಗುತ್ತಾ? ಮೆಮೊರಿ ಕಾರ್ಡ್ ತೆಗೆಯಬಹುದಾ? ಪ್ಲೇಯರ್ ಕೆಟ್ಟರೂ ಕಾರ್ಡಿನಲ್ಲಿ ಹಾಡು ಉಳಿಯುತ್ತಲ್ಲ! ಅಗ್ಗದ್ದನ್ನೇ ಆರಿಸಿದೆ ಅಂತ ಅಂಗಡಿಯವನ ಮುಖ ಸಪ್ಪಗಾಯ್ತು.

ಆ ರಾತ್ರಿ ಅಪ್ಪ ಯಾರನ್ನೂ ಕೂಗಲಿಲ್ಲ. ಕೋಣೆಯಿಂದ ಹಾಡು ಕೇಳಿಸುತ್ತಿತ್ತು.