ಗಾಂಧಿ ಬಜಾರ್, ಬಸವನಗುಡಿ

ಗಾಂಧಿ ಬಜಾರ್ ಬೆಂಗಳೂರಿನ ದಕ್ಷಿಣ ಭಾಗದಲ್ಲಿರುವ ಬಸವನಗುಡಿ ಬಡಾವಣೆಯ ಮುಖ್ಯ ವ್ಯಾಪಾರ ಬೀದಿ. ಕೆ. ಆರ್. ರಸ್ತೆಯ ಟ್ಯಾಗೋರ್ ವೃತ್ತಕ್ಕೂ ಬುಲ್ ಟೆಂಪಲ್ ರಸ್ತೆಯ ರಾಮಕೃಷ್ಣ ಆಶ್ರಮಕ್ಕೂ ನಡುವೆ ಇದು ಹಾದುಹೋಗುತ್ತದೆ. ಹೂವು, ಹಣ್ಣು, ಗ್ರಂಥಿಗೆ ಸಾಮಾನುಗಳಿಗೆ ಹೆಸರಾಗಿರುವ ಈ ಬೀದಿ, ಇಪ್ಪತ್ತನೆಯ ಶತಮಾನದ ಕನ್ನಡ ಸಾಹಿತ್ಯದೊಡನೆ ಹೊಂದಿರುವ ನಂಟಿನಿಂದಲೂ ಪ್ರಸಿದ್ಧವಾಗಿದೆ.

ಹಿನ್ನೆಲೆ

1898ರ ಪ್ಲೇಗ್ ಪಿಡುಗಿನ ಬಳಿಕ ಪೇಟೆಯ ಜನದಟ್ಟಣೆಯನ್ನು ತಗ್ಗಿಸಲು ಮಲ್ಲೇಶ್ವರದೊಂದಿಗೆ ಬಸವನಗುಡಿಯೂ ಬೆಳೆಯಿತು. ದೊಡ್ಡ ಬಸವಣ್ಣನ ದೇವಾಲಯದಿಂದ ಬಡಾವಣೆಗೆ ಈ ಹೆಸರು ಬಂದಿದೆ. ಕಾರ್ತಿಕ ಮಾಸದ ಕಡೆಯ ಸೋಮವಾರದ ಕಡಲೆಕಾಯಿ ಪರಿಷೆ ನಡೆಯುವುದು ಈ ದೇವಾಲಯದ ಪರಿಸರದಲ್ಲಿಯೇ. ಗೌರಿ-ಗಣೇಶ, ವರಮಹಾಲಕ್ಷ್ಮಿ ಹಬ್ಬಗಳ ಮುನ್ನಾದಿನಗಳಲ್ಲಿ ಗಾಂಧಿ ಬಜಾರಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಸಾಹಿತ್ಯದ ನಂಟು

ಬೀದಿಯನ್ನು ಅಡ್ಡಹಾಯುವ ಡಿ.ವಿ.ಜಿ. ರಸ್ತೆಯ ಹಿಂದಿನ ಹೆಸರು ನಾಗಸಂದ್ರ ರಸ್ತೆ. ಡಿ. ವಿ. ಗುಂಡಪ್ಪನವರು (1887–1975) ಅಲ್ಲಿ ವಾಸವಾಗಿದ್ದರು. ಅವರು 1945ರಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯು ಸಮೀಪದ ಬುಲ್ ಟೆಂಪಲ್ ರಸ್ತೆಯಲ್ಲಿದೆ. ಮಾಸ್ತಿ ವೆಂಕಟೇಶ ಅಯ್ಯಂಗಾರರ (1891–1986) ಮನೆ ಇದ್ದದ್ದು ನೆರೆಯ ಗವಿಪುರದಲ್ಲಿ. ಅಲ್ಲಿಂದ ಬಸವನಗುಡಿಯ ಕ್ಲಬ್ಬಿಗೆ ಕೊಡೆ ಹಿಡಿದು ನಡೆದು ಬರುತ್ತಿದ್ದ ಮಾಸ್ತಿಯವರ ಚಿತ್ರ ಹಳೆಯ ನಿವಾಸಿಗಳ ನೆನಪಿನಲ್ಲಿ ಉಳಿದಿದೆ.

ನಂತರದ ಪೀಳಿಗೆಗೆ ಈ ಬೀದಿಯೇ ಕಾವ್ಯವಸ್ತುವಾಯಿತು. ಕೆ. ಎಸ್. ನಿಸಾರ್ ಅಹಮದ್ ಅವರ ಮೊದಲ ಕವನ ಸಂಕಲನ 'ಮನಸು ಗಾಂಧಿಬಜಾರು' (1960). ಒಂದು ವ್ಯಾಪಾರ ಬೀದಿಯ ಹೆಸರು ಮನಸ್ಸಿಗೆ ಉಪಮಾನವಾಗಿ ಕವನ ಸಂಕಲನದ ಹೊದಿಕೆಯನ್ನೇರಿದ ಉದಾಹರಣೆ ಕನ್ನಡದಲ್ಲಿ ವಿರಳ. ನವ್ಯ ಕಾಲದ ಲೇಖಕರು ಇಲ್ಲಿನ ಸರ್ಕಲ್ ಲಂಚ್ ಹೋಮ್‌ನಲ್ಲಿ ಸೇರುತ್ತಿದ್ದರು. ಪಿ. ಲಂಕೇಶರು 1980ರಲ್ಲಿ ಆರಂಭಿಸಿದ 'ಲಂಕೇಶ್ ಪತ್ರಿಕೆ'ಯ ಕಚೇರಿ ಬಜಾರಿಗೆ ತಾಗಿದ ಈ.ಎ.ಟಿ. ಬೀದಿಯಲ್ಲಿತ್ತು. ಈ ಮೂರಕ್ಷರಗಳು ತಿಂಡಿಯನ್ನು ಸೂಚಿಸುತ್ತವೆಂದು ಹೊಸಬರು ತಿಳಿಯುವುದುಂಟು; ವಾಸ್ತವವಾಗಿ ಅದು ಪೂರ್ವ ಆಂಜನೇಯ ದೇವಸ್ಥಾನ ಬೀದಿಯ ಇಂಗ್ಲಿಷ್ ಹೆಸರಿನ ಸಂಕ್ಷೇಪ.

1943ರಲ್ಲಿ ಆರಂಭವಾದ ವಿದ್ಯಾರ್ಥಿ ಭವನಕ್ಕೆ ಸುತ್ತಲಿನ ಶಾಲೆಗಳ ವಿದ್ಯಾರ್ಥಿಗಳಿಂದ ಈ ಹೆಸರು ಬಂದಿತು. ಮಸಾಲೆ ದೋಸೆಗೆ ಖ್ಯಾತವಾದ ಈ ಹೋಟೆಲಿನ ಗೋಡೆಗಳ ಮೇಲೆ ಕನ್ನಡದ ಸಾಹಿತಿಗಳು ಹಾಗೂ ಗಣ್ಯರ ರೇಖಾಚಿತ್ರಗಳನ್ನು ಕಾಣಬಹುದು.

ಹಳೆಯ ಛಾಯಾಚಿತ್ರಗಳು

ಬೀದಿಯ ಹಂಚಿನ ಮನೆಗಳೂ ಹಳೆಯ ಕಟ್ಟಡಗಳೂ ಬಹುಪಾಲು ಮರೆಯಾಗಿರುವುದರಿಂದ, ಮನೆಗಳಲ್ಲಿ ಮತ್ತು ಅಂಗಡಿಗಳಲ್ಲಿ ಕಟ್ಟು ಹಾಕಿಸಿ ತೂಗುಹಾಕಿದ ಹಳೆಯ ಬೀದಿಚಿತ್ರಗಳು ಇತಿಹಾಸದ ಆಕರಗಳಾಗಿ ಮಹತ್ವ ಪಡೆದಿವೆ. ಇಂತಹ ಚಿತ್ರಗಳಲ್ಲಿ ದಿನಾಂಕವಾಗಲಿ ವಿವರಣೆಯಾಗಲಿ ಇರುವುದು ಅಪರೂಪ. ಕಾಲನಿರ್ಣಯಕ್ಕೆ ಚಿತ್ರದೊಳಗಿನ ಸಣ್ಣ ವಿವರಗಳನ್ನೇ ಆಶ್ರಯಿಸಬೇಕಾಗುತ್ತದೆ. ಬೆಂಗಳೂರಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ; ಆದ್ದರಿಂದ ವಿದ್ಯುತ್ ದೀಪದ ಕಂಬವಿರುವ ಚಿತ್ರ ಅದಕ್ಕಿಂತ ಹಿಂದಿನದಾಗಿರಲಾರದು. ವಿದ್ಯಾರ್ಥಿ ಭವನದ ಫಲಕ ಕಂಡರೆ 1943 ಕೆಳಗಿನ ಮಿತಿಯಾಗುತ್ತದೆ. ವಾಹನದ ಸಂಖ್ಯೆ 'ಕೆಎ' ಅಕ್ಷರಗಳಿಂದ ಮೊದಲಾಗಿದ್ದರೆ ಚಿತ್ರ 1989ರದು ಅಥವಾ ಅನಂತರದ್ದು. ಆದರೆ ಫಲಕದ ಮೇಲೆ 'ಮೈಸೂರು ರಾಜ್ಯ' ಎಂದಿರುವ ಮಾತ್ರಕ್ಕೆ ಚಿತ್ರವು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ 1973ಕ್ಕಿಂತ ಹಿಂದಿನದೆಂದು ತೀರ್ಮಾನಿಸಲಾಗದು. ಅಂಗಡಿಯವರು ಹಳೆಯ ಫಲಕವನ್ನು ಬೇಗ ಬದಲಿಸುವವರಲ್ಲ. ರಸ್ತೆಯ ಹೆಸರಿಗೂ ಇದೇ ಮಾತು ಅನ್ವಯಿಸುತ್ತದೆ. 'ನಾಗಸಂದ್ರ ರಸ್ತೆ' ಎಂಬ ವಿಳಾಸವುಳ್ಳ ಚಿತ್ರವನ್ನೋ ಪತ್ರವನ್ನೋ ನೋಡುವವರಿಗೆ ಹೆಸರು ಬದಲಾದ ಸಂಗತಿ ತಿಳಿಯದಿದ್ದರೆ, ಅದು ಡಿ.ವಿ.ಜಿ.ಯವರು ವಾಸವಾಗಿದ್ದ ರಸ್ತೆಯೆಂಬುದೇ ಹೊಳೆಯುವುದಿಲ್ಲ.

ಕಟ್ಟು ಚಿತ್ರವನ್ನು ಕಾಪಾಡುವುದರ ಜೊತೆಗೆ ಮಾಹಿತಿಯನ್ನು ಮರೆಮಾಡುವುದೂ ಉಂಟು. ಸ್ಟುಡಿಯೋದ ಮುದ್ರೆ, ಕೈಬರಹದ ಟಿಪ್ಪಣಿ, ಇಸವಿ ಇವೆಲ್ಲ ಸಾಮಾನ್ಯವಾಗಿ ಚಿತ್ರದ ಬೆನ್ನಿಗಿರುತ್ತವೆ. ಹಿಂಬದಿಯ ಹಲಗೆಯ ಮರೆಯಲ್ಲಿ ಅವು ಹಲವು ದಶಕ ಯಾರ ಕಣ್ಣಿಗೂ ಬೀಳದೆ ಉಳಿಯಬಹುದು. ಗಾಜಿಗೆ ಅಂಟಿಕೊಂಡ ಚಿತ್ರವನ್ನು ಬಲವಂತವಾಗಿ ಬಿಡಿಸಿದರೆ ಮೇಲ್ಪದರ ಕಿತ್ತುಬರುತ್ತದೆ. ಅಂತಹವನ್ನು ಗಾಜಿನೊಡನೆಯೇ ಛಾಯಾಪ್ರತಿ ಮಾಡಿಟ್ಟುಕೊಳ್ಳುವುದು ಸುರಕ್ಷಿತ. ನೇರ ಬಿಸಿಲು ಹಾಗೂ ತೇವದ ಗೋಡೆ ಎರಡೂ ಹಳೆಯ ಚಿತ್ರಗಳಿಗೆ ಹಾನಿಕರ.

ಇತ್ತೀಚಿನ ಬದಲಾವಣೆಗಳು

2022–23ರಲ್ಲಿ ಬೀದಿಯ ಮರುವಿನ್ಯಾಸದ ಕಾಮಗಾರಿ ಕೈಗೊಳ್ಳಲಾಯಿತು. ಪಾದಚಾರಿಗಳಿಗೆ ಹೆಚ್ಚು ಸ್ಥಳ ಒದಗಿಸುವುದು ಇದರ ಉದ್ದೇಶವಾಗಿತ್ತು. ಕಾಮಗಾರಿಯ ಅವಧಿಯಲ್ಲಿ ಬೀದಿಬದಿ ವ್ಯಾಪಾರಿಗಳು ಸ್ಥಳ ಬಿಡಬೇಕಾಯಿತು. ವ್ಯಾಪಾರಕ್ಕೆ ಧಕ್ಕೆಯಾಗುವುದೆಂದು ವರ್ತಕರಿಂದ ವಿರೋಧವೂ ವ್ಯಕ್ತವಾಯಿತು. ಕಾಮಗಾರಿಗೆ ಮುಂಚಿನ ಕಾಲ್ದಾರಿಯನ್ನೂ ಹೂವಿನ ಸಾಲುಗಳನ್ನೂ ತೋರಿಸುವ ಚಿತ್ರಗಳು ಈಗಾಗಲೇ ಹಳೆಯ ಚಿತ್ರಗಳ ಸಾಲಿಗೆ ಸೇರಿವೆ.