ಶಾಸನಗಳ ಗಣಕೀಕರಣದಲ್ಲಿ ಹೆಸರಿಡುವ ಕ್ರಮ

ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ ಆರನೆಯ ಸಂಪುಟವು (1901) ಅಂದಿನ ಕಡೂರು ಜಿಲ್ಲೆಯ, ಎಂದರೆ ಇಂದಿನ ಚಿಕ್ಕಮಗಳೂರು ಜಿಲ್ಲೆಯ, ಶಾಸನಗಳನ್ನು ಒಳಗೊಂಡಿದೆ. ಅಲ್ಲಿ ಪ್ರತಿಯೊಂದು ಶಾಸನವನ್ನೂ ತಾಲ್ಲೂಕಿನ ಸಂಕೇತಾಕ್ಷರ ಹಾಗೂ ಕ್ರಮಸಂಖ್ಯೆಗಳಿಂದ ಗುರುತಿಸಿದೆ. ಮೂಡಿಗೆರೆಯ ಸಂಕೇತ ‘ಎಂ.ಜಿ.’ ಈ ಶಾಸನಗಳನ್ನು ಗಣಕಯಂತ್ರಕ್ಕೆ ಅಳವಡಿಸಹೊರಟ ವಿದ್ಯಾರ್ಥಿಗೆ ಮೊದಲು ಎದುರಾಗುವುದೂ ಹೆಸರಿನ ಪ್ರಶ್ನೆಯೇ.

ಗಣಕದ ಕ್ರಮವಿಧಿಯಲ್ಲಿ, ಬದಲಾಗಬಲ್ಲ ಬೆಲೆಯೊಂದನ್ನು ಸೂಚಿಸುವ ಹೆಸರಿಗೆ ಚರಾಕ್ಷರವೆನ್ನುತ್ತಾರೆ. ಅದನ್ನು ‘ಅ’ ಎಂದು ಕರೆದರೂ ‘ಕಾಲ’ ಎಂದು ಕರೆದರೂ ಯಂತ್ರಕ್ಕೆ ಒಂದೇ. ಓದುವ ಮನುಷ್ಯನಿಗೆ ಹಾಗಲ್ಲ. ಬೇಲೂರಿನ ಚೆನ್ನಕೇಶವ ಪ್ರತಿಷ್ಠೆಯ ವರ್ಷ ಶಕ 1039, ಎಂದರೆ ಕ್ರಿ.ಶ. 1117. ‘ಕಾಲ’ವೆಂಬ ಹೆಸರಿನಡಿ 1039 ಎಂದಷ್ಟೇ ದಾಖಲಿಸಿದರೆ, ಅದನ್ನು ಕ್ರಿಸ್ತವರ್ಷವೆಂದು ತಿಳಿದವರ ಲೆಕ್ಕದಲ್ಲಿ, ವಿಷ್ಣುವರ್ಧನನು ಪಟ್ಟಕ್ಕೆ ಬರುವ ಸುಮಾರು 70 ವರ್ಷ ಮೊದಲೇ ಪ್ರತಿಷ್ಠೆ ನಡೆದಂತಾಗುವುದು. ಗಣನೆ ಸರಿಯಾಗಿಯೇ ಇರುವುದರಿಂದ ಯಂತ್ರವು ಈ ತಪ್ಪನ್ನು ಎತ್ತಿ ತೋರಿಸದು. ಆದುದರಿಂದ ‘ಶಕ_ವರ್ಷ’, ‘ಕ್ರಿಸ್ತ_ವರ್ಷ’ ಎಂದು ಎರಡು ಹೆಸರುಗಳನ್ನಿಡುವುದು ಯುಕ್ತ. ಹಾಗೆಯೇ ‘ದಾನ’ ಎಂದರೆ ಸಾಲದು. ‘ದಾನ_ಗದ್ಯಾಣ’, ‘ದಾನ_ಖಂಡುಗ’ ಎಂದು ಮಾನವನ್ನೂ ಹೆಸರಿನಲ್ಲಿಯೇ ಹೇಳಬೇಕು.

1957ರ ಫೋರ್ಟ್ರಾನ್ ಭಾಷೆಯಲ್ಲಿ ಇಂತಹ ಹೆಸರು ಆರು ಅಕ್ಷರಗಳನ್ನು ಮೀರುವಂತಿರಲಿಲ್ಲ. ಸಂಕ್ಷೇಪ ಆಗ ಅನಿವಾರ್ಯವಾಗಿತ್ತು. ಇಂದು ಆ ಕಟ್ಟಿಲ್ಲ. 2008ರಲ್ಲಿ ಬಂದ ಪೈಥಾನ್ ಭಾಷೆಯ ಮೂರನೆಯ ಆವೃತ್ತಿಯು ಕನ್ನಡ ಲಿಪಿಯ ಹೆಸರುಗಳನ್ನೂ ಒಪ್ಪುತ್ತದೆ. ಹೆಸರಿನ ನಡುವೆ ತೆರಪು ಸಲ್ಲದಾದುದರಿಂದ ಅಡಿಗೆರೆಯಿಂದ ಪದಗಳನ್ನು ಜೋಡಿಸುತ್ತೇವೆ.

ಇನ್ನೊಂದು ತೊಡಕುಂಟು. ರೈಸ್ ಅವರು ಕಳಸದ ಶಾಸನಗಳನ್ನು ಮೂಡಿಗೆರೆಯ ಸಂಕೇತದಡಿ ಸೇರಿಸಿದರು. ಇತ್ತೀಚೆಗೆ ಕಳಸವೇ ಬೇರೆ ತಾಲ್ಲೂಕಾಗಿದೆ. ಹಾಗೆಂದು ಹಳೆಯ ಸಂಕೇತವನ್ನು ತಿದ್ದಿದರೆ, ಒಂದು ಶತಮಾನಕ್ಕೂ ಮಿಕ್ಕಿದ ಕಾಲದಿಂದ ವಿದ್ವಾಂಸರು ಕೊಟ್ಟಿರುವ ಉಲ್ಲೇಖಗಳ ಜಾಡು ತಪ್ಪುವುದು. ತಿದ್ದದೆ ಅದನ್ನೇ ತಾಲ್ಲೂಕೆಂದು ಬಗೆದರೆ ಇಂದಿನ ಭೂಪಟಕ್ಕೆ ಹೊಂದದು. ‘ರೈಸ್_ಸಂಖ್ಯೆ’, ‘ಇಂದಿನ_ತಾಲ್ಲೂಕು’ ಎಂದು ಬೇರ್ಪಡಿಸಿದರೆ ಎರಡೂ ಉಳಿಯುತ್ತವೆ. ಹೊಯ್ಸಳರ ಮೂಲಸ್ಥಾನವಾದ ಸೊಸೆವೂರನ್ನು ಮೂಡಿಗೆರೆ ತಾಲ್ಲೂಕಿನ ಅಂಗಡಿ ಗ್ರಾಮವೆಂದು ಗುರುತಿಸಲಾಗಿದೆ. ಅಲ್ಲಿಯೂ ‘ಶಾಸನೋಕ್ತ_ಸ್ಥಳ’, ‘ಇಂದಿನ_ಸ್ಥಳ’ ಎಂಬ ವಿಭಾಗ ಅಗತ್ಯ: ಮೊದಲನೆಯದು ಕಲ್ಲಿನ ಮಾತು, ಎರಡನೆಯದು ನಮ್ಮ ನಿರ್ಣಯ.

ಆಧಾರವನ್ನೂ ಊಹೆಯನ್ನೂ ಬೆರೆಸಬಾರದೆಂಬುದು ಇತಿಹಾಸಕಾರನ ಹಳೆಯ ಶಿಸ್ತು. ಚರಾಕ್ಷರಗಳಿಗೆ ಹೆಸರಿಡುವಾಗಲೂ ಅದೇ ಶಿಸ್ತು ಸಲ್ಲುತ್ತದೆ. ಒಮ್ಮೆ ಒಪ್ಪಿದ ಹೆಸರುಗಳ ಪಟ್ಟಿಯನ್ನು ಅರ್ಥಸಹಿತ ಕಡತದ ಮೊದಲಿಗೇ ಬರೆದಿಟ್ಟು, ಕೊನೆಯವರೆಗೂ ಅದನ್ನೇ ಅನುಸರಿಸುವುದು ಲೇಸು.