ಹ್ಯಾಂಗರ್ ಯಾರದಾದರೇನು, ಸಹಿ ಯಾರದು?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ನಮ್ಮ ಈ ಐದು ತಾಲ್ಲೂಕುಗಳಲ್ಲಿ ಒಂದೂ ವಿಮಾನ ನಿಲ್ದಾಣವಿಲ್ಲ. ಆದರೂ ಇಲ್ಲಿ ಐಟಿಐ ಓದಿದ ಹುಡುಗರು ವಿಮಾನದ ಕೆಲಸ ಹುಡುಕಿಕೊಂಡು ಬೆಂಗಳೂರಿನ ಬಸ್ಸು ಹತ್ತುತ್ತಾರೆ. ನಾನೂ ಹಾಗೆ ಊರು ಬಿಟ್ಟವನು. ಬೆಳಗಾವಿಯ ಸಾಂಬ್ರಾದಲ್ಲಿ ಕವಾಯತು, ಜಾಲಹಳ್ಳಿಯಲ್ಲಿ ತಾಂತ್ರಿಕ ತರಬೇತಿ ಮುಗಿಸಿ, ವಾಯುಪಡೆಯಲ್ಲಿ ಏರ್‌ಫ್ರೇಮ್ ಫಿಟ್ಟರ್ ಆಗಿ ದುಡಿದು, ಈಗ ಕೊಟ್ಟೂರಿನಲ್ಲಿದ್ದೇನೆ. ಸಲಹೆ ಕೇಳಲು ಬರುವ ಹುಡುಗರು ಮೊದಲೆಲ್ಲ ‘ಎಚ್‌ಎಎಲ್‌ಗೆ ಸೇರೋದು ಹೆಂಗ್ರಿ?’ ಎನ್ನುತ್ತಿದ್ದರು. ಈಗಿನ ಪ್ರಶ್ನೆ ಬೇರೆ: ‘ಮಿಲಿಟರಿ ವಿಮಾನಾನೂ ಪ್ರೈವೇಟ್‌ನೋರು ರಿಪೇರಿ ಮಾಡ್ತಾರಂತಲ್ರಿ, ಅದು ಸರೀನಾ?’

ಈ ಪ್ರಶ್ನೆಗೆ ಹೌದು, ಅಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರ ಹೇಳಲಾಗದು. ಮೊದಲು ರಿಪೇರಿಯಲ್ಲಿ ಮೂರು ಹಂತಗಳಿವೆ ಎಂಬುದು ಗೊತ್ತಿರಬೇಕು. ಹಾರುವ ಮುನ್ನ, ಇಳಿದ ಮೇಲೆ ಸ್ಕ್ವಾಡ್ರನ್ನಿನವರೇ ಟೈರು, ಬ್ರೇಕು, ಹೈಡ್ರಾಲಿಕ್ ಎಣ್ಣೆ ನೋಡಿ, ಪೈಲಟ್ ಬರೆದ ಸ್ನ್ಯಾಗ್ (ದೋಷ) ಸರಿಪಡಿಸುವುದು ಒಂದು. ಇಂತಿಷ್ಟು ತಾಸು ಹಾರಿದ ಮೇಲೆ ಅದೇ ನೆಲೆಯ ಹ್ಯಾಂಗರ್‌ನಲ್ಲಿ ಆಗುವ ಸರ್ವಿಸಿಂಗ್ ಎರಡನೆಯದು. ಮೂರನೆಯದು ಓವರ್‌ಹಾಲ್. ಅಲ್ಲಿ ವಿಮಾನದ ಒಂದೊಂದು ಭಾಗವನ್ನೂ ಬಿಚ್ಚಿ, ತೊಳೆದು, ಪರೀಕ್ಷಿಸಿ ಮತ್ತೆ ಜೋಡಿಸುತ್ತಾರೆ. ಕಾನ್ಪುರ, ಚಂಡೀಗಢ, ನಾಸಿಕ್ ಬಳಿಯ ಓಝರ್‌ಗಳಲ್ಲಿರುವ ವಾಯುಪಡೆಯ ಬೇಸ್ ರಿಪೇರ್ ಡಿಪೋಗಳು ಮತ್ತು ಸರ್ಕಾರಿ ವಿಮಾನ ಕಾರ್ಖಾನೆ ಎಚ್‌ಎಎಲ್ ಈ ಕೆಲಸ ಮಾಡುತ್ತ ಬಂದಿವೆ. ಖಾಸಗಿ ಪಾಲುದಾರಿಕೆಯ ಮಾತು ಹೆಚ್ಚಾಗಿ ಏಳುವುದು ಈ ಮೂರನೆಯ ಹಂತದಲ್ಲೇ.

ಲೋಹವೂ ದಣಿಯುತ್ತದೆ. 2017ರ ಫೆಬ್ರುವರಿಯಲ್ಲಿ ನಮ್ಮ ಕೊಟ್ಟೂರು ಬಸವೇಶ್ವರರ ತೇರು ಜನರ ನಡುವೆಯೇ ಉರುಳಿಬಿದ್ದಾಗ, ಅಚ್ಚು ಮುರಿದದ್ದೇ ಕಾರಣವೆಂದು ಊರೆಲ್ಲ ಮಾತಾಡಿತು. ವಿಮಾನದ ರೆಕ್ಕೆಯ ಬುಡದಲ್ಲೂ, ಲ್ಯಾಂಡಿಂಗ್ ಗೇರ್‌ನಲ್ಲೂ ಹಾಗೆಯೇ ಸದ್ದಿಲ್ಲದೆ ಬಿರುಕು ಬೆಳೆಯುತ್ತದೆ, ಕಣ್ಣಿಗೆ ಕಾಣದು. ಅನುಮಾನವಿರುವ ಜಾಗಕ್ಕೆ ಕೆಂಪು ದ್ರವ ಸವರಿ, ಇಂಗಲು ಬಿಟ್ಟು, ಚೊಕ್ಕಟವಾಗಿ ಒರೆಸಿ, ಬಿಳಿ ಡೆವಲಪರ್ ಸಿಂಪಡಿಸುತ್ತೇವೆ. ಬಿರುಕಿದ್ದರೆ ಅದರೊಳಗಿನ ಕೆಂಪು ಮೇಲೆದ್ದು ಕೂದಲೆಳೆಯಂಥ ಗೆರೆ ಮೂಡುತ್ತದೆ. ಆ ಗೆರೆ ಹಿಡಿಯುವ ಕಣ್ಣು ವರ್ಷಗಟ್ಟಲೆ ಪಳಗಬೇಕು. ಅದನ್ನು ಟೆಂಡರ್ ಕರೆದು ಕೊಳ್ಳಲು ಬರುವುದಿಲ್ಲ.

ಖಾಸಗಿಯವರು ಬಂದದ್ದು ಇಂದು ನಿನ್ನೆಯಲ್ಲ. ಎಚ್‌ಎಎಲ್ ಹುಟ್ಟಿದ್ದೇ ಪಾಲುದಾರಿಕೆಯಿಂದ. 1940ರ ಡಿಸೆಂಬರ್‌ನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ಸೇರಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಕಟ್ಟಿದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲ ಅದು. ಸಂಸ್ಥಾನ ಬೆಂಗಳೂರಿನಲ್ಲಿ ನೆಲವನ್ನೂ ಬಂಡವಾಳವನ್ನೂ ಕೊಟ್ಟಿತು. ಯಂತ್ರ ಮತ್ತು ಪರಿಣತಿಗೆ ಅಮೆರಿಕದ ವಿಲಿಯಂ ಪಾಲಿ ಜೊತೆಯಾದರು. ಮರುವರ್ಷ ಬ್ರಿಟಿಷ್ ಇಂಡಿಯಾ ಸರ್ಕಾರವೂ 25 ಲಕ್ಷ ರೂಪಾಯಿ ಹಾಕಿ ಮೂರನೇ ಒಂದು ಪಾಲು ಪಡೆಯಿತು.  

ಯುದ್ಧ ಬಾಗಿಲಿಗೆ ಬಂದಾಗ, 1942ರ ಏಪ್ರಿಲ್‌ನಲ್ಲಿ ಬ್ರಿಟಿಷ್ ಇಂಡಿಯಾ ಸರ್ಕಾರ ವಾಲ್‌ಚಂದ್ ಅವರ ಪಾಲನ್ನು ಕೊಂಡುಕೊಂಡಿತು. ಮೈಸೂರು ಮಾತ್ರ ಆಡಳಿತ ಬಿಟ್ಟುಕೊಟ್ಟರೂ ಪಾಲು ಮಾರಲಿಲ್ಲ. ಈ ಗಟ್ಟಿತನಕ್ಕೆ ನಾನು ಕೈ ಮುಗಿಯುತ್ತೇನೆ. 1943ರಲ್ಲಿ ಕಾರ್ಖಾನೆ ಅಮೆರಿಕದ ಸೇನಾ ವಿಮಾನಪಡೆಯ ವಶಕ್ಕೆ ಹೋಗಿ 84ನೇ ಏರ್ ಡಿಪೋ ಎನಿಸಿಕೊಂಡಿತು. ವಿಮಾನ ಕಟ್ಟಬೇಕಿದ್ದ ಜಾಗ ರಿಪೇರಿ ಶೆಡ್ಡಾಯಿತು. ಬರ್ಮಾ ಕಡೆ ಹಾರುತ್ತಿದ್ದ ಎಲ್ಲ ಬಗೆಯ ಅಮೆರಿಕನ್ ವಿಮಾನಗಳೂ ಓವರ್‌ಹಾಲ್‌ಗೆ ಅಲ್ಲಿಗೇ ಬಂದವು. ನೀರಿನ ಮೇಲೆ ಇಳಿಯುವ ಕ್ಯಾಟಲಿನಾಗಳು ಬೆಳ್ಳಂದೂರು ಕೆರೆಗೆ ಬಂದಿಳಿಯುತ್ತಿದ್ದವು.

ಈ ಕತೆಯಲ್ಲಿ ಎಲ್ಲಕ್ಕಿಂತ ದೊಡ್ಡ ಸಂಗತಿ ಯುದ್ಧ ಮುಗಿದ ಮೇಲಿನದು. ಮತ್ತೆ ಹಾರಬಾರದೆಂದು ಕಾನ್ಪುರದಲ್ಲಿ ಬೇಕೆಂದೇ ಕೆಡಿಸಿಹಾಕಿದ್ದ ಲಿಬರೇಟರ್ ಬಾಂಬರ್‌ಗಳ ರಾಶಿಯಿಂದ ಸುಮಾರು 40 ವಿಮಾನಗಳನ್ನು ಎಚ್‌ಎಎಲ್‌ನವರು ಎಬ್ಬಿಸಿದರು. ಅಲ್ಲೇ ಹಾರುವಷ್ಟು ಸರಿಪಡಿಸಿ, ಬೆಂಗಳೂರಿಗೆ ಹಾರಿಸಿ ತಂದು, ಪೂರ್ತಿ ದುರಸ್ತಿ ಮಾಡಿದರು. ಅವುಗಳಿಂದ 1948ರ ನವೆಂಬರ್‌ನಲ್ಲಿ ವಾಯುಪಡೆಯ 5ನೇ ಸ್ಕ್ವಾಡ್ರನ್ ಎದ್ದುನಿಂತಿತು. ಅವು 1968ರವರೆಗೂ ಹಾರಿದವು. ಅಮೆರಿಕನ್ನರು ಹೊರಟುಹೋಗಿದ್ದರು, ಕೆಲಸ ಕಲಿತ ಕೈಗಳು ಇಲ್ಲೇ ಉಳಿದಿದ್ದವು.

ಇವತ್ತಿನ ಒಪ್ಪಂದಗಳನ್ನು ನಾನು ಅಳೆಯುವುದು ಇದೇ ಕೋಲಿನಿಂದ: ಕೆಲಸ ಕಲಿತ ಕೈ ಇಲ್ಲೇ ಉಳಿಯುತ್ತದೆಯೇ? ಉದಾಹರಣೆಗೆ ತಮಿಳುನಾಡಿನ ಹೊಸೂರಿನ ಪಕ್ಕದ ಬೆಳಗೊಂಡಪಲ್ಲಿಯನ್ನು ನೋಡಿ. ಅಲ್ಲಿನ ಖಾಸಗಿ ಏರ್‌ಸ್ಟ್ರಿಪ್ ಪಕ್ಕದ, ಏರ್‌ವರ್ಕ್ಸ್ ಎಂಬ ಖಾಸಗಿ ಕಂಪನಿಯ ಹ್ಯಾಂಗರ್‌ನಲ್ಲಿ, ಬೋಯಿಂಗ್ ಜೊತೆಗಿನ ಒಪ್ಪಂದದಡಿ, ನೌಕಾಪಡೆಯ ಪಿ-8ಐ ವಿಮಾನಗಳ ಭಾರೀ ತಪಾಸಣೆ ನಡೆಯುತ್ತದೆ. 2022ರ ಹೊತ್ತಿಗೆ ಮೂರು ವಿಮಾನಗಳು ಒಟ್ಟಿಗೇ ಅಲ್ಲಿ ನಿಂತಿದ್ದವು. ಸಮುದ್ರದ ಮೇಲೆ ಕೆಳಮಟ್ಟದಲ್ಲಿ ಹಾರುವ ವಿಮಾನಕ್ಕೆ ಉಪ್ಪುಗಾಳಿಯೇ ಶತ್ರು. ರಿವೆಟ್ಟಿನ ಸುತ್ತ, ನೆಲದ ಹಲಗೆಗಳ ಕೆಳಗೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ. ಪಿ-8ಐ ಎಂದರೆ ಬೋಯಿಂಗ್ 737ರ ಮೈಕಟ್ಟು. ನಾಗರಿಕ 737 ಬಿಚ್ಚಿ ಪಳಗಿದವರಿಗೆ ಆ ಒಡಲು ಹೊಸದಲ್ಲ. ಇಂಥ ಕಡೆ ಖಾಸಗಿ ಹ್ಯಾಂಗರ್ ಬಳಸುವುದು ಜಾಣತನ. ಆ ಏರ್‌ವರ್ಕ್ಸನ್ನು ಕೊಳ್ಳುವುದಾಗಿ 2024ರ ಡಿಸೆಂಬರ್‌ನಲ್ಲಿ ಅದಾನಿ ಸಮೂಹ ಪ್ರಕಟಿಸಿತು. ಸಿ-130ಜೆ ಸಾಗಣೆ ವಿಮಾನಗಳ ದುರಸ್ತಿಗೆಂದು ಟಾಟಾ ಮತ್ತು ಲಾಕ್‌ಹೀಡ್ ಮಾರ್ಟಿನ್ ಸೇರಿ 2025ರ ಕೊನೆಗೆ ಬೆಂಗಳೂರಿನಲ್ಲಿ ಹ್ಯಾಂಗರ್ ಕಟ್ಟಲು ಶುರುಮಾಡಿವೆ.

ಇನ್ನು ದುಡ್ಡಿನ ಮಾತು. ಹಳೆಯ ಪದ್ಧತಿಯಲ್ಲಿ ಬಿಡಿಭಾಗಕ್ಕೊಂದು ಬಿಲ್ಲು, ರಿಪೇರಿಗೊಂದು ಬಿಲ್ಲು. ನನ್ನ ಸರ್ವಿಸಿನಲ್ಲಿ ಒಂದು ಸಣ್ಣ ಸೀಲ್ ಬಾರದೆ ವಿಮಾನ ತಿಂಗಳುಗಟ್ಟಲೆ ನಿಂತದ್ದನ್ನು ನೋಡಿದ್ದೇನೆ. ಕೊನೆಗೆ ಪಕ್ಕದ ವಿಮಾನದಿಂದ ಬಿಚ್ಚಿ ಇದಕ್ಕೆ ಹಾಕುತ್ತಿದ್ದೆವು. ಅದಕ್ಕೆ ನಮ್ಮಲ್ಲಿ ಕ್ಯಾನಿಬಲೈಸ್ ಮಾಡುವುದು ಎನ್ನುತ್ತಾರೆ. ಒಂದು ಕೆಲಸಕ್ಕೆ ಎರಡು ಸಲ ಬಿಚ್ಚಬೇಕು, ಎರಡು ಸಲ ಕೂಡಿಸಬೇಕು. ಹೊಸ ಪದ್ಧತಿಯಲ್ಲಿ ನೂರು ವಿಮಾನದಲ್ಲಿ ಎಷ್ಟು ಹಾರಲು ಸಿದ್ಧವಿರಬೇಕೆಂದು ಕಂಪನಿಯಿಂದಲೇ ಮಾತು ತೆಗೆದುಕೊಳ್ಳುತ್ತಾರೆ. ರಫೇಲ್ ಒಪ್ಪಂದದಲ್ಲಿ ಅದು ಕನಿಷ್ಠ ಶೇ 75. ಮಾತು ತಪ್ಪಿದರೆ ಕಂಪನಿಗೇ ನಷ್ಟ, ಹಾಗಾಗಿ ಸೀಲ್ ಮುಂಚಿತವಾಗಿಯೇ ಕಪಾಟಿನಲ್ಲಿರುತ್ತದೆ. ಈ ಪದ್ಧತಿಯನ್ನು ನಾನು ಮನಸಾರೆ ಒಪ್ಪುತ್ತೇನೆ.

ಒಪ್ಪದ ಸಂಗತಿಯೂ ಇದೆ. ವಾಯುಪಡೆಯಲ್ಲಿ ಪ್ರತಿ ವಿಮಾನಕ್ಕೂ ಫಾರ್ಮ್ 700 ಎಂಬ ದಾಖಲೆ ಪುಸ್ತಕವಿರುತ್ತದೆ. ಕೆಲಸ ಮಾಡಿದವನು ಸಹಿ ಹಾಕಬೇಕು, ಅದನ್ನು ಇನ್ನೊಬ್ಬ ನೋಡಿ ಸಹಿ ಹಾಕಬೇಕು, ಪೈಲಟ್ ಆ ಸಹಿಗಳನ್ನು ನಂಬಿ ಹತ್ತುತ್ತಾನೆ. ಹ್ಯಾಂಗರ್ ಯಾರದಾದರೂ ಇರಲಿ, ಕೊನೆಯ ಸಹಿ ಸಮವಸ್ತ್ರದವನದೇ ಆಗಿರಬೇಕು. ಯುದ್ಧದ ಹೊತ್ತಿನಲ್ಲಿ ರಾತ್ರಿ ಎರಡು ಗಂಟೆಗೆ ಎಬ್ಬಿಸಿ ಗಡಿಗೆ ಕಳಿಸಿದರೆ ಹೋಗಬೇಕಾದವನು ಅವನೇ. ಖಾಸಗಿ ನೌಕರನಿಗೆ ಹಾಗೆ ಅಪ್ಪಣೆ ಕೊಡಲು ಬರುವುದಿಲ್ಲ. ಓವರ್‌ಹಾಲ್ ಕೆಲಸವೆಲ್ಲ ಹೊರಗೆ ಹೋದರೆ ಬಿರುಕು ಹಿಡಿಯುವ ಕಣ್ಣು ಸೇನೆಯೊಳಗೆ ಪಳಗುವುದಾದರೂ ಎಲ್ಲಿ? ನಕ್ಷೆ, ಮ್ಯಾನುಯಲ್, ಪರೀಕ್ಷಾ ಯಂತ್ರಗಳು ವಿದೇಶಿ ಕಂಪನಿಯ ಬೀಗದಲ್ಲೇ ಉಳಿದರೆ, ಒಪ್ಪಂದ ಮುಗಿದ ದಿನ ನಮ್ಮ ಕೈಯಲ್ಲಿ ಉಳಿಯುವುದು ಬರೀ ತಗಡಿನ ಶೆಡ್ಡು. ಲಿಬರೇಟರ್ ಎಬ್ಬಿಸಿದಂಥ ಕೆಲಸ ಆಗ ಯಾರಿಂದಲೂ ಆಗದು.

ಹುಡುಗರಿಗೆ ನಾನು ಹೇಳುವುದು ಇಷ್ಟು. ಅಪ್ರೆಂಟಿಸ್ ಕಾಯ್ದೆಯ ಪ್ರಕಾರ 30 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆ, ಸರ್ಕಾರಿಯಾಗಲಿ ಖಾಸಗಿಯಾಗಲಿ, ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಗುಳೆ ಹೋಗುವ ನಮ್ಮ ಸೀಮೆಯ ಮಕ್ಕಳು ಆ ಸೀಟು ಕೇಳಬೇಕು. ಶೀಟ್ ಮೆಟಲ್, ರಿವೆಟಿಂಗ್ ಕೈಗೆ ಹತ್ತಲಿ, ಇಂಗ್ಲಿಷ್ ಮ್ಯಾನುಯಲ್ ಓದುವುದು ರೂಢಿಯಾಗಲಿ. ನಾಲ್ಕು ವರ್ಷ ಅಗ್ನಿವೀರನಾಗಿ ವಿಮಾನದ ಕೆಲಸ ಕಲಿತು ಹೊರಬಂದವನು ನಾಗರಿಕ ವಿಮಾನಕ್ಕೆ ಸಹಿ ಹಾಕಬೇಕೆಂದರೆ ನಾಗರಿಕ ವಿಮಾನಯಾನ ನಿರ್ದೇಶನಾಲಯದ (ಡಿಜಿಸಿಎ) ಪರೀಕ್ಷೆಗಳನ್ನು ಬರೆದು ಲೈಸೆನ್ಸ್ ಪಡೆಯಬೇಕು. ಆ ಪರೀಕ್ಷೆಗಳ ತಯಾರಿಯನ್ನು ಸೇವೆಯ ಅವಧಿಯಲ್ಲೇ ಮಾಡಿಸಿ ಕಳಿಸಬೇಕೆಂದು ವಾಯುಪಡೆಯನ್ನು ಕೇಳಲು ನಮ್ಮ ಸಂಸದರಿಗೆ ಯಾವ ಅಡ್ಡಿಯೂ ಇಲ್ಲ.